ಗೆದ್ದವರನ್ನೇ ಗುರು ಮಾಡಿಕೊಂಡೆವು

ಪಾರ್ಕಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಶೇಷಾದ್ರಿಯವರ ಮೊಣಕಾಲಿನಿಂದ ನೋವಿನೆಣ್ಣೆಯ ವಾಸನೆ ಗಮ್ಮೆಂದು ಬರುತ್ತಿತ್ತು. ಅದನ್ನೇನೋ ಸಹಿಸಿಕೊಂಡಿದ್ದೆ. ಬೆಳಗ್ಗೆ ಆರೂವರೆಗೆ ಜಯನಗರದ ಪಾರ್ಕಿಗೆ ಬರುವ ನಮ್ಮ ಪೈಕಿಯವರೆಲ್ಲ ಒಂದಲ್ಲ ಒಂದು ಎಣ್ಣೆ ಹಚ್ಚಿಕೊಂಡವರೇ. ಆದರೆ ಶೇಷಾದ್ರಿ ಬ್ಯಾಂಕಿನಿಂದ ನಿವೃತ್ತರಾದವರು, ಸುಮ್ಮನೆ ಕೂರುವವರಲ್ಲ. ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡು, "ಸಾರ್, ಇಲ್ನೋಡಿ. ಈಗಿನ ಪ್ರೊಫೆಷನಲ್ ಬಾಕ್ಸರ್‌ಗಳಲ್ಲಿ ರಿಟೈರ್ ಆದ್ಮೇಲೆ ಯಾರು ಒಳ್ಳೆ ಕೋಚ್ ಆಗ್ತಾರೆ ಅಂತ ಯಾರೋ ಕೇಳಿದಾರೆ. ನೀವೇನಂತೀರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ತೀರ್ಪೂ ಅವರೇ ಕೊಟ್ಟರು. "ಇದ್ರಲ್ಲಿ ಕೇಳೋದೇನಿದೆ? ಯಾರು ಜಾಸ್ತಿ ಗೆದ್ದಿದಾರೋ ಅವ್ರು! ಗೆದ್ದೋನಿಗೆ ತಾನೇ ಗೆಲ್ಲೋದು ಗೊತ್ತಿರೋದು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ಮ ತಲೆ!" ಎಂದುಬಿಟ್ಟೆ. ಪಾಪ, ಅವರು ಗಾಬರಿಯಾಗಿ ಫೋನನ್ನು ಜೇಬಿಗೆ ಹಾಕಿಕೊಂಡರು. ಅವರದೇನು ತಪ್ಪು ಹೇಳಿ? ಅರವತ್ತು ವರ್ಷದ ಹಿಂದೆ ಒಂದು ಸಭೆಯಲ್ಲಿ ಎದ್ದು ನಿಂತು ಅದೇ ಮಾತನ್ನು ನಾನೇ ಹೇಳಿದ್ದೆ. ಜನ ಚಪ್ಪಾಳೆಯನ್ನೂ ತಟ್ಟಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಆಗಿನ ಜಯನಗರ ಅರ್ಧ ಮನೆ, ಅರ್ಧ ರಾಗಿ ಹೊಲ. ಮಲ್ಲೇಶ್ವರದಿಂದ ಬಂದ ನಮ್ಮ ಚಿಕ್ಕಮ್ಮ, "ಇದ್ಯಾವ ಕಾಡಿಗೆ ಬಂದು ಬಿದ್ರಿ ಭಾವ?" ಎಂದು ಅಪ್ಪನನ್ನು ಕೇಳಿ ರೇಗಿಸುತ್ತಿದ್ದರು. ಕಾಡೇನಲ್ಲ, ಅದು ಯಾರದೋ ಹೊಲ. ಆ ಯಾರದೋ ಎಂಬುದರಲ್ಲಿ ನನ್ನ ಗೆಳೆಯ ಮುನಿರಾಜುವಿನ ಮನೆಯವರೂ ಇದ್ದರು. ಬಡಾವಣೆಗೆಂದು ಜಮೀನು ಹೋಗಿತ್ತು. ಅವನ ಅಪ್ಪ ದಿನಾ ಬೆಳಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು, ಹೊಸ ಮನೆಗಳ ಮುಂದೆ ನಿಂತು, "ನಮ್ ಹುರುಳಿ ಇದ್ದಿದ್ದು ಅಗೋ, ಆ ಅಡುಗೆಮನೆ ಜಾಗದಲ್ಲಿ" ಎಂದು ದಾರಿಹೋಕರಿಗೆ ತೋರಿಸುತ್ತಿದ್ದರು. ಉಳುವುದಕ್ಕೆ ಭೂಮಿ ಇಲ್ಲ, ಮುನಿರಾಜು ಓದಿದ್ದು ನಾಲ್ಕನೇ ಕ್ಲಾಸು. ಮಗನಿಗೆ ಒಂದು ಕೆಲಸ ಆಗಬೇಕು, ಅದೊಂದೇ ಜಪ.

ಮುನಿರಾಜುವಿಗೆ ಇದ್ದದ್ದು ಒನಕೆಯಂಥ ಎರಡು ಕೈ. ನಮ್ಮ ಬಡಾವಣೆಯ ಅಂಚಿನಲ್ಲಿ ಒಂದು ಗರಡಿಮನೆ ಇತ್ತು. ಅಲ್ಲಿ ಹತ್ತು ವರ್ಷದಿಂದ ಸಾಮು ಮಾಡಿದವನು. ದೊಡ್ಡ ಕಾರ್ಖಾನೆಯೊಂದರ ಬಾಕ್ಸಿಂಗ್ ತಂಡಕ್ಕೆ ಆಟಗಾರರು ಬೇಕಾಗಿದ್ದರು. ಅಲ್ಲಿನ ಅಧಿಕಾರಿಯೊಬ್ಬರು ಇವನ ತೋಳು ಹಿಚುಕಿ ನೋಡಿ, "ಊರಿನ ಟೂರ್ನಮೆಂಟ್‌ನಲ್ಲಿ ಒಂದು ಮ್ಯಾಚ್ ಗೆದ್ದು ತೋರಿಸಪ್ಪ, ಕೆಲಸ ಗ್ಯಾರಂಟಿ" ಎಂದರು. ಸರಿ, ಗರಡಿಯ ಹಿತ್ತಲಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದರು, ಬಾಕ್ಸಿಂಗ್ ಕ್ಲಬ್ ಆಯಿತು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತದೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ನಾನೂ ಎರಡು ದಿನ ಗ್ಲೌಸ್ ಹಾಕಿಕೊಂಡಿದ್ದೆ. ಮೂರನೆಯ ದಿನ ಮೂಗಿಗೆ ಹತ್ತಿ ತುರುಕಿಕೊಂಡು, ಇನ್ನು ಪತ್ರವ್ಯವಹಾರವೇ ಸಾಕು ಎಂದು ತೀರ್ಮಾನಿಸಿದೆ.

ಕಲಿಸುವವರು ಯಾರು ಎಂಬ ಪ್ರಶ್ನೆ ಬಂತು. ಟಿಕೆಟ್ ಇಟ್ಟು ನಡೆಸುವ ಪಂದ್ಯಗಳಲ್ಲಿ ಆಡಿ ನಿವೃತ್ತರಾದ ಇಬ್ಬರು ಕೈಗೆ ಸಿಗುವಂತಿದ್ದರು. ಒಬ್ಬರು ದಂಡಿನ, ಎಂದರೆ ಕಂಟೋನ್ಮೆಂಟ್ ಕಡೆಯ, ದೊರೆಸ್ವಾಮಿ. ಸೋತದ್ದೇ ಇಲ್ಲವೆಂದು ಪ್ರಖ್ಯಾತಿ, ಎಲ್ಲರೂ ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಇನ್ನೊಬ್ಬರು ಬೇಗೂರಿನ ಅಂತೋಣಪ್ಪ, ಬಡಗಿ. ಜಯನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಬಾಗಿಲು ಕೂರಿಸಲು ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರು ಆಡಿದ್ದು ಬಹಳ, ಗೆದ್ದದ್ದು ಬೆರಳೆಣಿಕೆ. ಮೂಗು ಒಂದು ಕಡೆ ವಾಲಿತ್ತು.

ಗರಡಿಯ ಹಿರಿಯರು, "ಅಂತೋಣಪ್ಪ ಹತ್ರದಲ್ಲೇ ಇರ್ತಾರೆ, ತಾಳ್ಮೆ ಮನುಷ್ಯ" ಎಂದು ರಾಗ ಎಳೆದರು. ನಾನು ಎದ್ದೆ. ಗೆದ್ದವನಿಗೆ ತಾನೇ ಗೆಲ್ಲುವುದು ಗೊತ್ತಿರುವುದು ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. "ಸೋಲೋದು ಕಲಿಸೋಕೆ ಉಸ್ತಾದ್ ಯಾಕೆ ಬೇಕು? ಅದು ನಮಗೇ ಚೆನ್ನಾಗಿ ಬರುತ್ತೆ!" ಎಂದೂ ಸೇರಿಸಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದ ಅಂತೋಣಪ್ಪನವರೂ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ವಿಷಯದಲ್ಲಿ ಆ ಗಿಡ ನಮ್ಮ ಬಾಗಿಲಲ್ಲೇ ನಿಂತಿತ್ತು.

ಚಾಂಪಿಯನ್ನರಿಗೆ ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ಫೋಟೋ ತೆಗೆಸಿ ಗುರುಪೀಠದಲ್ಲಿ ಕೂರಿಸಿದೆವು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಸುವುದು? ಅಯ್ಯೋ, ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

"ಹೀಗೆ ಹೊಡೀಬೇಕು" ಎನ್ನುವರು. ಕೈ ಹೋದದ್ದೂ ಕಾಣದು, ಬಂದದ್ದೂ ಕಾಣದು.

"ಹೇಗೆ ಸಾರ್?"

"ಹೀಗಪ್ಪಾ!"

"ಎದುರಿನವನ ಏಟು ಬಂದ್ರೆ ಏನ್ಮಾಡ್ಬೇಕು ಸಾರ್?"

"ಬರೋಕೆ ಯಾಕೆ ಬಿಡ್ತೀಯ?"

ಇದು ಪಾಠವೇ? ಹಕ್ಕಿಯನ್ನು ಹಾರುವುದು ಹೇಗೆ ಎಂದು ಕೇಳಿದಂತೆ. ಅವರಿಗೆ ಏಟು ಬಿದ್ದೇ ಇರಲಿಲ್ಲ, ಹಾಗಾಗಿ ಏಟು ಎಲ್ಲಿಂದ ಬರುತ್ತದೆಂಬ ವಿಚಾರವನ್ನು ಅವರು ಎಂದೂ ಮಾಡಿರಲಿಲ್ಲ. ಮುನಿರಾಜು ಬೆವರು ಸುರಿಸಿಕೊಂಡು ನನ್ನ ಕಡೆ ನೋಡುವನು. ನಾನು ಗೊತ್ತಿರುವವನ ಹಾಗೆ ತಲೆಯಾಡಿಸುವೆನು. ಪೇಟ ತೊಡಿಸಿದವರನ್ನು ಹೋಗಿ ಬನ್ನಿ ಎನ್ನುವುದಕ್ಕಾಗುತ್ತದೆಯೇ?

ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂತೋಣಪ್ಪನವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಟೂರ್ನಮೆಂಟಿಗೆ ಒಂದು ವಾರವಿದೆ ಎನ್ನುವಾಗ ಭಾನುವಾರ ಬೆಳಗ್ಗೆ ನೇರ ನಮ್ಮ ಮನೆಗೇ ಬಂದರು. ಅಮ್ಮ ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ಹೇಳಿದರು:

"ಸ್ವಾಮಿ, ನಿಮ್ಮ ಹುಡುಗರೆಲ್ಲ ಶುರು ಅಂದ ತಕ್ಷಣ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ಕೋತಾರೆ."

"ಅದು ಗರಡಿ ಪದ್ಧತಿ. ಮಣ್ಣಿಗೆ ನಮಸ್ಕಾರ" ಎಂದೆ.

"ಗೊತ್ತು ಸ್ವಾಮಿ. ಇಲ್ಲಿ ಇಬ್ರೂ ಒಟ್ಟಿಗೆ ಬಗ್ತಾರೆ, ಅದಕ್ಕೇ ಯಾರಿಗೂ ಏಟು ಬಿದ್ದಿಲ್ಲ. ಅಲ್ಲಿ ಎದುರಿಗಿರೋನು ಬಗ್ಗಲ್ಲ. ಗಂಟೆ ಹೊಡೆದ ಮೇಲೆ ಕೈ ಕೆಳಗೆ ಹೋದ್ರೆ ಮುಗೀತು. ನಮಸ್ಕಾರ ಬೇಕಾದ್ರೆ ಹಗ್ಗದ ಹೊರಗೇ ಮಾಡ್ಲಿ ಅಂತ ಮುನಿರಾಜುಗೆ ಹೇಳಿ."

"ನೀವೇ ಹೇಳಬಹುದಲ್ಲ?"

"ಇನ್ನೊಬ್ಬ ಉಸ್ತಾದನ ಶಿಷ್ಯನಿಗೆ ನಾನು ಬುದ್ಧಿ ಹೇಳಬಾರದು. ತಪ್ಪಾಗುತ್ತೆ. ನೀವು ಕಾರ್ಯದರ್ಶಿ, ನೀವು ಹೇಳಬಹುದು."

ನನಗೆ ಏನನ್ನಿಸಿತು ಗೊತ್ತೆ? ಗುರುಪೀಠ ಸಿಗದ ಹೊಟ್ಟೆಯುರಿ ಅನ್ನಿಸಿತು. "ಅಂತೋಣಪ್ಪನವರೇ, ಚಾಂಪಿಯನ್ನರಿಗೆ ಕಾಣದ್ದು ನಿಮಗೆ ಕಂಡಿತಾ? ನೀವು ಎಷ್ಟು ಗೆದ್ದಿದ್ದೀರಿ?" ಎಂದೆ.

"ಗೆದ್ದಿಲ್ಲ ಸ್ವಾಮಿ. ಅದಕ್ಕೇ ಹೇಳ್ತಿದೀನಿ" ಎಂದು ಎದ್ದು ಹೋದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು.

ನಾನು ಹೇಳಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಮರೆತಿರಲಿಲ್ಲ. ಹೇಳಿದರೆ ಸಭೆಯಲ್ಲಿ ನಾನಾಡಿದ ಮಾತು ಸುಳ್ಳಾಗುತ್ತದಲ್ಲ, ಅದಕ್ಕೆ ಹೇಳಲಿಲ್ಲ.

ಪಂದ್ಯದ ದಿನ ಮುನಿರಾಜುವಿನ ಅಪ್ಪ ಒಗೆದ ಪಂಚೆ, ಬಿಳಿ ರುಮಾಲು ಸುತ್ತಿಕೊಂಡು ಬಂದು ನನ್ನ ಪಕ್ಕ ಕೂತರು. ಗಂಟೆ ಹೊಡೆಯಿತು. ಮುನಿರಾಜು ಭಕ್ತಿಯಿಂದ ಬಗ್ಗಿದ. ಎದುರಿನವನು ದಂಡಿನ ಹುಡುಗ, ಅವನಿಗೇನು ಗೊತ್ತು ನಮ್ಮ ಪದ್ಧತಿ? ಕಣ್ಣ ಮುಂದೆ ಗದ್ದ ಸಿಕ್ಕಿತು, ಹೊಡೆದ. ತೀರ್ಪುಗಾರರು ಹತ್ತು ಎಣಿಸುತ್ತಿದ್ದರೆ, ಮೂಲೆಯಲ್ಲಿದ್ದ ಚಾಂಪಿಯನ್ನರು ಎರಡೂ ಕೈ ಎತ್ತಿ, "ಯಾಕೋ ಬಗ್ಗಿದೆ? ಯಾಕೋ ಬಗ್ಗಿದೆ?" ಎಂದು ಕಿರುಚುತ್ತಿದ್ದರು. ಮೂರು ತಿಂಗಳು ದಿನಾ ಕಣ್ಣೆದುರಿಗೆ ಬಗ್ಗಿದವನನ್ನು ಕೇಳುವ ಪ್ರಶ್ನೆಯೇ ಅದು!

ಮುನಿರಾಜುವಿನ ಅಪ್ಪ ನನ್ನ ಮೊಣಕೈ ಮುಟ್ಟಿ ಕೇಳಿದರು: "ಯಾವಾಗ ಶುರುವಾಗುತ್ತೆ ಸ್ವಾಮಿ?"

ಕಾರ್ಖಾನೆಯ ಅಧಿಕಾರಿ ಆಗಲೇ ಎದ್ದು ಹೊರಟಿದ್ದರು.

ಮುನಿರಾಜು ಹಾಲು ಮಾರಿದ, ಇಟ್ಟಿಗೆ ಹೊತ್ತ, ಬನಶಂಕರಿಯಲ್ಲಿ ಸೈಕಲ್ ಅಂಗಡಿ ಇಟ್ಟ. ಎರಡು ಮಳೆಗಾಲ ಕಳೆಯುವುದರೊಳಗೆ ಅವನಪ್ಪ ತೀರಿಕೊಂಡರು, ಮಗನ ಕೆಲಸ ನೋಡಲಿಲ್ಲ. ಕಾಲ ಕಳೆದಂತೆ ಅಂಗಡಿ ಅವನ ಕೈ ಹಿಡಿಯಿತು. ಈಗ ಜೆ.ಪಿ. ನಗರದಲ್ಲಿ ಮನೆ, ಮೇಲೆ ಎರಡು ಬಾಡಿಗೆ ಮನೆ. ಇಷ್ಟೂ ವರ್ಷ ನಾವಿಬ್ಬರು ಕೂತಾಗಲೆಲ್ಲ ಚಾಂಪಿಯನ್ನರನ್ನು ಬೈದುಕೊಂಡಿದ್ದೇವೆ. "ಹೀಗಪ್ಪಾ!" ಎಂದು ಅವನು ಅಣಕಿಸುವನು, ನಾನು ನಗುವೆನು. ಅಂತೋಣಪ್ಪನವರು ಸಾಯುವವರೆಗೂ ಯಾರಿಗೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಇವತ್ತು ಪಾರ್ಕಿನಿಂದ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಆಟೋ ಹಿಡಿದು ಜೆ.ಪಿ. ನಗರಕ್ಕೆ ಹೋದೆ. ಮುನಿರಾಜು ವರಾಂಡದಲ್ಲಿ ಪೇಪರ್ ಓದುತ್ತಿದ್ದ. "ಏನೋ ಇದು, ಬೆಳ್ಳಂಬೆಳಗ್ಗೆ!" ಎಂದು ನಗುತ್ತ ಕುರ್ಚಿ ಎಳೆದ. ನಾನು ಕೂರುವುದಕ್ಕೂ ಮುಂಚೆ ಎಲ್ಲ ಹೇಳಿಬಿಟ್ಟೆ. ಭಾನುವಾರ, ಕಾಫಿ, ನೆಲಕ್ಕೆ ನಮಸ್ಕಾರ, ನಾನು ಕೇಳಿದ ಪ್ರಶ್ನೆ, ಒಂದನ್ನೂ ಬಿಡಲಿಲ್ಲ.

ಅವನು ಪೇಪರನ್ನು ಮಡಿಸಿದ.

"ಆ ವಾರವೆಲ್ಲ ದಿನಾ ನನ್ನ ಜೊತೆ ಇದ್ದೆ ನೀನು" ಎಂದ. "ಒಂದೇ ತಟ್ಟೇಲಿ ಉಂಡ್ವಿ. ಬಗ್ಗಬೇಡ ಕಣೋ ಅನ್ನೋಕೆ ಚಾಂಪಿಯನ್ನೇ ಬೇಕಿತ್ತೇನೋ? ನೀನು ಹೇಳಿದ್ರೆ ನಾನು ಕೇಳ್ತಿರ್ಲಿಲ್ವಾ?"

ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಸೊಸೆ ಬಂದು, ಒಂದೇ ಲೋಟ ಕಾಫಿ ಮುಂದಿಟ್ಟು, "ಮಾವ ಆಮೇಲೆ ಮಾತಾಡ್ತಾರಂತೆ ಅಂಕಲ್" ಎಂದಳು. ಯಾವಾಗ ಎಂದು ಕೇಳುವ ಧೈರ್ಯವಾಗಲಿಲ್ಲ. ಕಾಫಿ ಕುಡಿದು ಬಂದೆ. ನಾಳೆಯೂ ಹೋಗುತ್ತೇನೆ. ಮಾತಾಡದಿದ್ದರೆ ನಾಡಿದ್ದೂ ಹೋಗುತ್ತೇನೆ.