ಕೈ ಇಲ್ಲದ ಕಾರ್ಡು

ನನ್ನ ಗಂಡ ಪಂಪಾಪತಿಯವರನ್ನು ಸಿಂಧನೂರಿನಲ್ಲಿ ಎಲ್ಲರೂ ಫ್ಲೆಕ್ಸ್ ಪಂಪಾಪತಿ ಎಂದೇ ಕರೆಯುತ್ತಿದ್ದರು. ಹುಟ್ಟುಹಬ್ಬಕ್ಕೆ, ಅಂಗಡಿ ಆರಂಭಕ್ಕೆ, ಸಾವಿಗೆ ಅವರೇ ಬ್ಯಾನರ್ ಮಾಡಿಕೊಡುತ್ತಿದ್ದರು. ಸಾವಿನವೇ ಹೆಚ್ಚು ಬರುತ್ತಿದ್ದವು. ಆಧಾರ್ ಕಾರ್ಡಿನ ಮುಖ ಕತ್ತರಿಸಿ, ಅದಕ್ಕೊಂದು ಕೋಟು ತೊಡಿಸಿ, ಹಿಂದೆ ಮೋಡ ಇಟ್ಟು, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಕೂಡಿಸುವುದು ಅವರಿಗೆ ಹತ್ತು ನಿಮಿಷದ ಕೆಲಸ.

ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಅದು ಬಹಳ ಮಂದಿಗೆ ಗೊತ್ತಿಲ್ಲ. ಅಂಗಡಿಯವರಿಗೆ ಫೋನಿನ ಕಾರ್ಡು ಮಾಡಿಕೊಡುತ್ತಿದ್ದರು. ಮೊದಲು ರಟ್ಟಿನ ಕಾರ್ಡಿಗೆ ಅಂಗಡಿಯ ಮುದ್ರೆಯ ಸಿಕ್ಕಾ ಹೊಡೆದು, ಹತ್ತು ಸಿಕ್ಕಾ ಆದರೆ ಒಂದು ಸಾಮಾನು ಪುಕ್ಕಟೆ ಕೊಡುತ್ತಿದ್ದರಲ್ಲ, ಅದೇ. ಈಗ ಅದು ಗಿರಾಕಿಯ ಫೋನಿನ ವಾಲೆಟ್‌ನಲ್ಲಿ ಇರುತ್ತದೆ. ಅಂಗಡಿಗೆ ಹೋದಾಗ ತೋರಿಸಿದರೆ ಅದರ ಮೇಲೆ ಒಂದು ಗುರುತು ಏರುತ್ತದೆ. ರಟ್ಟು ಕಳೆಯುತ್ತದೆ, ತೊಯ್ಯುತ್ತದೆ. ಇದು ಹಾಗಲ್ಲ. ಯೂಟ್ಯೂಬ್ ನೋಡಿ ಕಲಿತರು. ಒಂದು ಸೈಟಿನಲ್ಲಿ ಕೂತು ಬಣ್ಣ, ಚಿತ್ರ, ಹೆಸರು ಎಲ್ಲ ತಾವೇ ಹೊಂದಿಸುತ್ತಿದ್ದರು.

ಮೊದಲನೆಯದು ಊರ ಪಕ್ಕದ ಬಂಗಾಳಿಗಳ ಆರ್.ಎಚ್. ಕ್ಯಾಂಪಿನ ಮಿಠಾಯಿ ಅಂಗಡಿಯ ಕಾರ್ಡು. ಮಾಡಿ ತಂದು ನನ್ನ ಮುಂದೆ ಹಿಡಿದರು. ನಾನು ಓದಿದ್ದು ಏಳನೆಯ ತರಗತಿ.

“ಏನ್ ತಿಳೀತು ಹೇಳ ಬೇ.”

“ಹತ್ತು ಮೊಟ್ಟಿ ಅದಾವು.”

“ಮೊಟ್ಟಿ ಅಲ್ಲಲೇ, ರಸಗುಲ್ಲ!”

“ಹಂಗಾದ್ರ ಬಟ್ಟಲದಾಗ ಇಡ್ರಿ. ಈಗ ಕೋಳಿ ಇಟ್ಟು ಹೋದಂಗ ಕಾಣಾಕತ್ತಾವು.”

ಬಟ್ಟಲು ಬಂತು. ಅವತ್ತಿನಿಂದ ಪ್ರತಿ ಕಾರ್ಡೂ ಮೊದಲು ನನ್ನ ಮುಂದೆ ಬರುತ್ತಿತ್ತು. “ನಿನಗ ತಿಳದ್ರ ಸಿಂಧನೂರಿಗೆಲ್ಲಾ ತಿಳೀತು,” ಎನ್ನುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ ನಾನು ಕೇಳಲಿಲ್ಲ. ಈಗ ಕೇಳುವಂತಿಲ್ಲ.

ಆ ಕಾರ್ಡಿನಲ್ಲಿ ಕನ್ನಡ ಸರಿಯಾಗಿ ಕೂರುತ್ತಿರಲಿಲ್ಲ. ಅಂಗಡಿಯ ಹೆಸರು ಉದ್ದವಿದ್ದರೆ ಅರ್ಧಕ್ಕೆ ಕಡಿದು ಮೂರು ಚುಕ್ಕೆ ಬೀಳುತ್ತಿದ್ದವು. ಅದಕ್ಕೆ ಅವರು ಹೆಸರನ್ನು ಚಿತ್ರದ ಹಾಗೆ ಬರೆದು ಕೂಡಿಸುತ್ತಿದ್ದರು. ಬಣ್ಣ ನೋಡಲು ಫೋನ್ ಹಿಡಿದು ನಡುಮಧ್ಯಾಹ್ನ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ನಮ್ಮ ಕಡೆಯ ಬಿಸಿಲಿನಲ್ಲಿ ಕಾಣಿಸಿದ್ದೇ ಬಣ್ಣ, ಉಳಿದದ್ದೆಲ್ಲ ಬೂದಿ ಎನ್ನುತ್ತಿದ್ದರು.

ದಾವಲ್‌ಸಾಬ್ ಅವರದು ಬಜಾರಿನಲ್ಲಿ ಬಳೆ ಅಂಗಡಿ. ಅವರ ತಮ್ಮ ಬುಡ್ಡೇಸಾಬ್ ಲಿಂಗಸುಗೂರಿನಲ್ಲಿ ಇನ್ನೊಂದು ಇಟ್ಟಿದ್ದಾರೆ. ಎರಡಕ್ಕೂ ಒಂದೇ ಕಾರ್ಡು ಬೇಕೆಂದರು. ಇವರು ನನ್ನ ಎಡಗೈಯನ್ನು ಬಾಗಿಲ ಬೆಳಕಿನಲ್ಲಿ ಹಿಡಿಸಿ ಫೋಟೋ ತೆಗೆದರು. ಅದರ ಮೇಲೆ ಗೆರೆ ಎಳೆದು ಚಿತ್ರ ಮಾಡಿದರು. ಮಣಿಕಟ್ಟಿನ ಹತ್ತಿರ ಎಣ್ಣೆ ಸಿಡಿದ ಕಲೆ ಇತ್ತು, ಅದನ್ನು ಅಳಿಸಿದರು. ಗಿರಾಕಿ ಬಂದಷ್ಟು ಸಲ ಆ ಕೈಗೆ ಒಂದೊಂದು ಬಳೆ ಏರಬೇಕು. ಹತ್ತು ಏರಿದರೆ ಒಂದು ಡಜನ್ ಪುಕ್ಕಟೆ.

ಹೊಸ ಕಾರ್ಡು ತೋರಿಸಿದಾಗ ನಾನು ಫೋನ್ ಮುಟ್ಟಲಿಲ್ಲ.

“ಬರಿಗೈ ಯಾಕ ಇಟ್ಟೀರಿ?”

“ಬಳಿ ಆಮ್ಯಾಲೆ ಏರ್ತಾವು. ಮೊದಲ ಖಾಲಿ ಇರಬೇಕಲ್ಲ?”

“ಯಾವ ಮುತ್ತೈದಿ ತನ್ನ ಫೋನಿನ್ಯಾಗ ಬರಿಗೈ ಇಟ್ಕೊಂತಾಳ್ರಿ? ಕೈ ನಂದು ಬ್ಯಾರೆ.”

ಅವರ ಮುಖ ಸಣ್ಣದಾಯಿತು. ಕೂಡಲೇ ಎರಡು ಹಸಿರು ಬಳೆ ಇಟ್ಟರು. ಅಷ್ಟಾದ ಮೇಲೆಯೇ ಕಾರ್ಡು ಅಂಗಡಿಗೆ ಹೋಯಿತು. ಮೊದಲ ಗಿರಾಕಿ ನಾನೇ.

ಕಾರ್ಡಿಗೆ ಒಂದು ಮೆಸೇಜು ಕಟ್ಟಿದ್ದರು. ನಲವತ್ತೈದು ದಿನ ಅಂಗಡಿ ಕಡೆ ಬರದವರ ಫೋನಿಗೆ ಅದು ತಾನೇ ಹೋಗುತ್ತದೆ. ‘ಅಕ್ಕಾ, ಕೈ ಬರಿದಾಯಿತೇ? ಬಳೆ ಕಾಯುತ್ತಿವೆ.’ ಬರೆದಾಗ ಬಹಳ ಚೆನ್ನಾಗಿದೆ ಅನ್ನಿಸಿತ್ತು. ನನಗೂ ಅನ್ನಿಸಿತ್ತು. ಗಿರಾಕಿ ಹೆಚ್ಚಾದರು. ದಾವಲ್‌ಸಾಬ್ ನಮ್ಮ ಮನೆಗೆ ಒಂದು ಡಬ್ಬಿ ಖಜೂರ ಕಳಿಸಿದರು.

ಒಂದು ದಿನ ಗೊರೇಬಾಳದ ಅಂಬಪ್ಪ ಎಂಬವನು ಆ ಅಂಗಡಿಗೆ ಬಂದು ಒಂದು ಫೋನನ್ನು ಗಲ್ಲಾದ ಮೇಲೆ ಇಟ್ಟ. ಅವನ ಅಕ್ಕ ಕನಕಮ್ಮನ ಫೋನು. ಕನಕಮ್ಮನ ಗಂಡ ಗ್ಯಾನಪ್ಪ ತೀರಿ ಹನ್ನೊಂದು ದಿನವಾಗಿತ್ತು. ದಿನಕರ್ಮಕ್ಕೆ ಕೂಡಿದ್ದ ಮಂದಿಯ ನಡುವೆ ಫೋನು ಸದ್ದು ಮಾಡಿತು. ಕನಕಮ್ಮನಿಗೆ ಓದು ಬರುವುದಿಲ್ಲ. ಯಾರೋ ಗಟ್ಟಿಯಾಗಿ ಓದಿ ಹೇಳಿದರು. ಕೈ ಬರಿದಾಯಿತೇ, ಎಂದು.

ದಾವಲ್‌ಸಾಬ್ ಇವರನ್ನು ಕರೆಸಿದರು. ಅಂಬಪ್ಪ ಹೊಡೆಯಲಿಲ್ಲ. “ನೀವು ಅಕ್ಷರ ಬಲ್ಲವರು. ನಿಮಗ ಏನ್ ಹೇಳೋದೈತಿ,” ಎಂದಷ್ಟೇ ಹೇಳಿ ಹೋದ. ಹೊಡೆದಿದ್ದರೆ ಒಳ್ಳೆಯದಿತ್ತು.

ಇವರು ಮನೆಗೆ ಬಂದು ಊಟಕ್ಕೆ ಕೂರಲಿಲ್ಲ.

“ಗ್ಯಾನಪ್ಪನ ಬ್ಯಾನರ್ ನಾನs ಮಾಡೀನಿ. ಕೆಳಗ ಕನಕಮ್ಮನ ಹೆಸರು ನಾನs ಕೂಡಿಸೀನಿ. ಆಕಿ ಕಾರ್ಡೂ ನನ್ನ ಕಡೀನ ಐತಿ. ಎರಡೂ ನನ್ನ ಕೈಯಾಗ ಇದ್ದವು ಅಂಬಿಕಾ. ಹೊಂದಿಸಿ ನೋಡಲಿಲ್ಲ.”

“ಯಂತ್ರ ಕಳಸಿದ್ದಲ್ರಿ.”

“ಯಂತ್ರಕ್ಕ ಯಾರು ಸತ್ರು ಅಂತ ಏನ್ ಗೊತ್ತು? ನನಗ ಗೊತ್ತಿತ್ತಲ್ಲ. ಇನ್ನೊಬ್ಬ ಹೆಣ್ಮಗಳಿಗೆ ಹಿಂಗ ಆಗಬಾರದು. ನಾ ಇರೂತನ ಆಗಬಾರದು.”

ಮೊದಲು ಮೆಸೇಜು ಬದಲಿಸಿದರು. ‘ಅಕ್ಕಾ, ಹೊಸ ಬಳೆ ಬಂದಿವೆ. ಬನ್ನಿ.’ ಆದರೂ ಗಂಡ ಸತ್ತವಳನ್ನು ಬಳೆಗೆ ಕರೆದಂತೆಯೇ ಆಯಿತು. ಮೆಸೇಜನ್ನೇ ನಿಲ್ಲಿಸಲು ದಾವಲ್‌ಸಾಬ್ ಒಪ್ಪಲಿಲ್ಲ. ಅರ್ಧ ವ್ಯಾಪಾರ ಅದರಿಂದಲೇ ಎಂದರು. ಹಾಗಾದರೆ ಅಂಥವರ ಕಾರ್ಡನ್ನು ತೆಗೆದುಬಿಡಿ ಎಂದು ನಾನು ಹೇಳಿದೆ.

“ತೆಗದ್ರ ಆಕಿನ್ನ ಅಂಗಡಿಯಿಂದ ಹೊರಗ ಹಾಕಿದಂಗ ಆಗ್ತೈತಿ. ಗಂಡ ಹೋದ್ರ ಸಾಬೂನು ಬ್ಯಾಡೇನು? ಮಗಳಿಗೆ ಕ್ಲಿಪ್ ಬ್ಯಾಡೇನು?”

ಅದಕ್ಕೆ ಎರಡನೆಯ ಕಾರ್ಡು ಮಾಡಿದರು. ಅದರಲ್ಲಿ ಕೈ ಇಲ್ಲ. ಬಳೆ ಇಲ್ಲ. ಅಂಗಡಿಯ ಹೆಸರು, ಕೆಳಗೆ ಹತ್ತು ಸಣ್ಣ ಚುಕ್ಕೆ, ಅಷ್ಟೇ. ಹತ್ತಾದರೆ ಸಾಬೂನು, ಎಣ್ಣೆ, ಬಾಚಣಿಕೆ, ಏನು ಬೇಕೋ ಅದು. ಅದರಿಂದ ‘ಬನ್ನಿ’ ಎಂಬ ಮೆಸೇಜು ಹೋಗುವುದಿಲ್ಲ. ಹಿಂದೆ ಏರಿದ ಗುರುತು ಒಂದೂ ಕಡಿಮೆಯಾಗುವುದಿಲ್ಲ. ಬಣ್ಣ ಯಾವುದಿರಲಿ ಎಂದು ಕೇಳಿದರು. ನಾನು ಹಿಟ್ಟು ನಾದುತ್ತಿದ್ದೆ. “ಆಕಾಶದ್ದು ಇಡ್ರಿ,” ಎಂದೆ. ಹೆಚ್ಚು ಯೋಚಿಸಲಿಲ್ಲ.

ಆಮೇಲೆ ಅವರ ಕೆಲಸದ ರೀತಿಯೇ ಬೇರೆಯಾಯಿತು. ಸಾವಿನ ಬ್ಯಾನರ್ ಮಾಡಿಸಲು ಬಂದವರನ್ನು ಮೊದಲು ಕೇಳುತ್ತಿದ್ದರು, “ಅವರ ಮನಿಯವರ ಹೆಸರೇನ್ರಿ? ಫೋನ್ ನಂಬರ್ ಯಾವುದು?” ಬ್ಯಾನರಿನ ಕೆಳಗೆ ಹಾಕಲು ಕೇಳುತ್ತಾರೆ ಎಂದು ಜನ ತಿಳಿಯುತ್ತಿದ್ದರು. ಇವರು ಬ್ಯಾನರ್ ಮುದ್ರಣಕ್ಕೆ ಹಾಕಿ, ಅದು ಹೊರಗೆ ಬರುವುದರೊಳಗೆ ಆ ಹೆಣ್ಣುಮಗಳ ಕಾರ್ಡು ಬದಲಿಸಿಬಿಡುತ್ತಿದ್ದರು. ಬೇರೆ ಅಂಗಡಿಯವರು ಮಾಡಿದ ಬ್ಯಾನರಿಗಾಗಿ ಪ್ರತಿ ಸೋಮವಾರ ಊರಿನ ಸರ್ಕಲ್ಲಿಗೆ ಹೋಗುತ್ತಿದ್ದರು. ಕಂಬಕ್ಕೆ ಕಟ್ಟಿದ ಮುಖಗಳನ್ನು ಒಂದೊಂದಾಗಿ ನೋಡಿ ಹೆಸರು ಬರೆದುಕೊಳ್ಳುತ್ತಿದ್ದರು. ಲಿಂಗಸುಗೂರಿನಿಂದ ಬುಡ್ಡೇಸಾಬ್, ಮಸ್ಕಿಯಿಂದ ಗೆಳೆಯ ಚನ್ನವೀರ ಫೋನ್ ಮಾಡಿ ಹೇಳುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಯಾರೂ ಬಂದು ಬೈಯಲಿಲ್ಲ. ಬಾರದೇ ಇದ್ದ ಮೆಸೇಜು ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಯಾರೂ ಹೊಗಳಲೂ ಇಲ್ಲ.

ಕಾರಹುಣ್ಣಿಮೆಗೆ ನಾನು ಬಳೆ ಇಡಿಸಿಕೊಂಡೆ. ನನ್ನ ಕಾರ್ಡಿನಲ್ಲಿ ಎಂಟು ಆದವು. ಅದಾಗಿ ಮೂರು ವಾರಕ್ಕೆ ಅವರು ಲಿಂಗಸುಗೂರಿಗೆ ಹೋದರು. ಕಾರ್ಡು ಪಡೆಯಲು ಗಿರಾಕಿಗಳು ಸ್ಕ್ಯಾನ್ ಮಾಡುವ ಬುಡ್ಡೇಸಾಬ್ ಅಂಗಡಿಯ ಕ್ಯೂಆರ್ ಚೀಟಿ ಬಿಸಿಲಿಗೆ ಮಾಸಿತ್ತು, ಹೊಸದು ಅಂಟಿಸಬೇಕಿತ್ತು. ಬರುವಾಗ ಮಸ್ಕಿ ದಾಟಿದ ಮೇಲೆ ರಸ್ತೆಯಲ್ಲಿ ಜಲ್ಲಿ ತುಂಬಿದ ಟ್ರ್ಯಾಲಿ ನಿಂತಿತ್ತು. ಹಿಂದೆ ದೀಪ ಇರಲಿಲ್ಲ. ಸಂಜೆ ಏಳು ಗಂಟೆ. ಬೈಕು ಅದರ ಕೆಳಗೆ ಹೋಯಿತು. ಇದರ ಬಗ್ಗೆ ಇಷ್ಟು ಸಾಕು.

ಅವರ ಬ್ಯಾನರನ್ನು ಬೇರೆಯವರು ಮಾಡಿದರು. ಮುಖದ ಅಂಚು ಸರಿಯಾಗಿ ಕತ್ತರಿಸಿರಲಿಲ್ಲ. ಒಂದು ಕಿವಿ ಅರ್ಧ ಹೋಗಿತ್ತು. ಕೆಳಗೆ ನನ್ನ ಹೆಸರಿತ್ತು. ಆ ಹೆಸರು ಹಿಡಿದು ಕಾರ್ಡು ಬದಲಿಸುವವರು ಯಾರೂ ಇರಲಿಲ್ಲ.

ನನ್ನ ಬಳೆ ತೆಗೆದರು. ಹಸಿರು ಚೂರು ಒಂದು ಸೀರೆಯ ಅಂಚಿಗೆ ಸಿಕ್ಕಿಕೊಂಡಿತ್ತು. ಒಗೆಯುವಾಗ ಬೆರಳು ಕೊಯ್ಯಿತು.

ಇಪ್ಪತ್ತನಾಲ್ಕನೆಯ ದಿನ ಬೆಳಗ್ಗೆ ನಾನು ಅತ್ತೆ ಜೋಗಮ್ಮನ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದೆ. ಫೋನು ಸದ್ದು ಮಾಡಿತು.

‘ಅಕ್ಕಾ, ಹೊಸ ಬಳೆ ಬಂದಿವೆ. ಬನ್ನಿ.’

“ಯಾರದ ಬೇ ಅದು?” ಎಂದರು ಅತ್ತೆ.

“ದಾವಲ್‌ಸಾಬ್ ಅಂಗಡಿದು.”

“ಏನಂತಾನ?”

“ಬಳಿ ಬಂದಾವಂತ. ಬರಬೇಕಂತ.”

ಅತ್ತೆಯ ಕೈ ಮೊರದಲ್ಲಿ ನಿಂತಿತು. “ಅವನ ಬಾಯಾಗ ಮಣ್ಣ ಬೀಳಲಿ. ಬರದಾವನ ಕೈ ಬಿದ್ದು ಹೋಗಲಿ,” ಎಂದರು.

ಅತ್ತೀ, ಬರೆದದ್ದು ನಿನ್ನ ಮಗ ಎಂದು ನಾನು ಹೇಳಲಿಲ್ಲ. ಹೇಗೆ ಹೇಳಲಿ?

ಅಕ್ಕಿ ಆರಿಸುತ್ತಲೇ ಲೆಕ್ಕ ಹಾಕಿದೆ. ಅವರು ಹೋದ ಮೇಲೆ ಮೂರು ಸೋಮವಾರ ಕಳೆದಿವೆ. ಸರ್ಕಲ್ಲಿಗೆ ಯಾರೂ ಹೋಗಿಲ್ಲ. ನನಗೆ ಬಂದದ್ದು ಇನ್ನೂ ಎಷ್ಟು ಮಂದಿಗೆ ಬಂದಿರಬೇಕು? ಅವರೆಲ್ಲರ ಮನೆಯಲ್ಲೂ ಒಬ್ಬ ಜೋಗಮ್ಮ ಕೂತಿರುತ್ತಾಳೆ. ಬರೆದವನ ಕೈಗೆ ಶಾಪ ಹಾಕುತ್ತಾಳೆ. ‘ಇನ್ನೊಬ್ಬ ಹೆಣ್ಮಗಳಿಗೆ ಹಿಂಗ ಆಗಬಾರದು’ ಎಂದ ಮನುಷ್ಯನಿಗೆ ಸತ್ತ ಮೇಲೆ ಇದು ತಗಲಬಾರದು ಅನ್ನಿಸಿತು.

ಸೆರಗು ಹೊದ್ದು ಎದ್ದೆ.

“ತಿಂಗಳಾಗಿಲ್ಲ. ಹೊಸ್ತಿಲ ದಾಟಬ್ಯಾಡ,” ಎಂದರು ಅತ್ತೆ.

“ದಾಟಬೇಕು ಅತ್ತಿ.”

ದಾವಲ್‌ಸಾಬ್ ನನ್ನನ್ನು ನೋಡಿದ ಕೂಡಲೇ ಮುಂದಿದ್ದ ಬಳೆಗಳ ಮೇಲೆ ಬಟ್ಟೆ ಎಳೆದರು. ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಸರಿದು ನಿಂತರು. ನಾನು ಫೋನ್ ತೋರಿಸಿದೆ. ಅವರು ತಲೆ ಬಗ್ಗಿಸಿದರು.

“ನಿನಗೂ ಬಂತೇನವ್ವಾ? ಮಾಫ್ ಮಾಡು. ಮೊನ್ನಿ ಮಸ್ಕಿಯಿಂದ ಒಬ್ಬಾಕಿ ಫೋನ್ ಮಾಡಿ ಅತ್ತಳು. ನಿನ್ನಿ ಇನ್ನೊಬ್ಬರು ಬಂದು ಬಾಯಿಗೆ ಬಂದಂಗ ಬೈದ್ರು. ಆ ಕಾರ್ಡs ಬ್ಯಾಡ ಅಂತ ಬಂದ್ ಮಾಡ್ಸಾಕತ್ತೀನಿ. ಪಂಪಾಪತಿ ಹೋಗೂಮುಂದ ಅದನ್ನೂ ಒಯ್ದಿದ್ರ ಚೊಲೊ ಇತ್ತು.”

“ಅವರು ಒಯ್ದಿಲ್ಲ. ನಾ ಮಾಡ್ತೀನಿ.”

“ನೀ? ನಿನಗ ಬರ್ತೈತೇನು?”

“ಅವರು ಮಾಡಿದ್ದೆಲ್ಲಾ ಮೊದಲ ನನಗs ತೋರಸ್ತಿದ್ರು. ನನಗ ತಿಳದ ಮ್ಯಾಲೇ ನಿಮ್ಮ ಅಂಗಡಿಗೆ ಬಂದೈತಿ.”

ಅವರು ಬಟ್ಟೆಯ ಅಂಚು ಸರಿಮಾಡಿದರು.

“ಒಂದು ವಾರ ನೋಡ್ತೀನಿ. ಮತ್ತ ಒಬ್ಬಾಕಿ ಅತ್ಗೊಂತ ಫೋನ್ ಮಾಡಿದ್ರ ಬಂದ್.”

ಅಲ್ಲಿಂದ ಸರ್ಕಲ್ಲಿಗೆ ಹೋದೆ. ಕಂಬಗಳಿಗೆ ಐದು ಮುಖ ಕಟ್ಟಿದ್ದರು. ಎರಡು ಹೆಂಗಸರವು. ಒಂದು ನನ್ನ ಗಂಡನದು. ಅದರ ಒಂದು ಹಗ್ಗ ಹರಿದು ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಉಳಿದ ಎರಡರ ಕೆಳಗಿನ ಹೆಸರುಗಳನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಹರಿದ ಹಗ್ಗವನ್ನು ಕಟ್ಟಲು ನೋಡಿದೆ. ಎಟುಕಲಿಲ್ಲ.

ಅವರ ಅಂಗಡಿಯ ಶಟರ್ ಎತ್ತಿದೆ. ಬುಡ್ಡೇಸಾಬ್‌ಗೂ ಚನ್ನವೀರನಿಗೂ ಫೋನ್ ಮಾಡಿದೆ. ಮೂರು ವಾರದಲ್ಲಿ ಯಾರು ಯಾರು ಹೋದರು ಎಂದು ಕೇಳಿದೆ. ಇಬ್ಬರೂ ಒಂದೊಂದೇ ಹೆಸರು ಹೇಳಿದರು. ಯಾವುದನ್ನು ಒತ್ತಬೇಕು ಎಂಬುದನ್ನು ಅವರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮರೆವು ಜಾಸ್ತಿ ಅವರಿಗೆ. ಒಂದೊಂದು ಸಾಲನ್ನು ಬೆರಳಿಟ್ಟು ಓದಿದೆ. ಮೊದಲ ಸಲ ತಪ್ಪಾಯಿತು, ಮತ್ತೆ ಮಾಡಿದೆ. ಮಸ್ಕಿಯ ಮಹೇಶ್ವರಿ ಎಂಬವಳ ಹೆಸರು ಬಂತು. ಮೂವತ್ತೊಂದು ದಿನದ ಹಿಂದೆ ಅಂಗಡಿಗೆ ಬಂದಿದ್ದಳು, ಕಾರ್ಡಿನಲ್ಲಿ ಆರನೆಯ ಬಳೆ ಏರಿತ್ತು. ಗಂಡ ಹನುಮಂತರಾಯ ತೀರಿ ಒಂಬತ್ತು ದಿನ. ಅವಳಿಗೆ ಮೆಸೇಜು ಹೋಗಲು ಇನ್ನೂ ಎರಡು ವಾರ ಇತ್ತು. ಬದಲಿಸಿದೆ. ಅವಳಿಗೆ ಗೊತ್ತಾಗುವುದಿಲ್ಲ. ಅಂಥವರು ಇನ್ನೂ ಇಬ್ಬರಿದ್ದರು. ಬದಲಿಸಿದೆ. ಅತ್ತವಳದೂ, ಬೈಯಲು ಬಂದವರ ಮನೆಯವಳದೂ ಇದ್ದವು. ಅವಕ್ಕೆ ತಡವಾಗಿತ್ತು. ಆದರೂ ಬದಲಿಸಿದೆ.

ಕೊನೆಗೆ ನನ್ನ ಹೆಸರು ಹುಡುಕಿದೆ. ಅಂಬಿಕಾ, ಸಿಂಧನೂರು. ಎಂಟು ಗುರುತು. ಪಕ್ಕದಲ್ಲಿ ಆ ಕೈ. ಎಂಟು ಏರಿದ್ದವು, ಮೊದಲಿನ ಎರಡು ಹಸಿರು ಸೇರಿ ಹತ್ತು ಬಳೆ. ಕಲೆ ಇಲ್ಲದ ನನ್ನ ಕೈ. ಅದನ್ನು ನೋಡುತ್ತ ಕೂತೆ. ಹೊರಗೆ ಯಾರೋ ಬಂದು, “ಪಂಪಾಪತಿಯಣ್ಣ ಇಲ್ಲೇನ್ರೀ?” ಎಂದು ಕೇಳಿದರು. ಸುದ್ದಿ ತಿಳಿಯದ ಹೊರ ಊರಿನವರಿರಬೇಕು. ಇಲ್ಲ ಎಂದೆ.

ಒತ್ತಿದೆ. ಮಡಿಲಲ್ಲಿದ್ದ ಫೋನು ಒಮ್ಮೆ ನಡುಗಿತು. ಕೈ ಹೋಯಿತು. ಆಕಾಶದ ಬಣ್ಣ ಬಂತು. ಕೆಳಗೆ ಎಂಟು ಚುಕ್ಕೆ ತುಂಬಿದ್ದವು, ಎರಡು ಖಾಲಿ ಇದ್ದವು. ಫೋನನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದೆ. ಎಲ್ಲ ಕಾಣಿಸುತ್ತಿತ್ತು.

ಈಗ ಸೋಮವಾರ ನಾನೇ ಸರ್ಕಲ್ಲಿಗೆ ಹೋಗುತ್ತೇನೆ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ನನ್ನ ಗಂಡನ ಬ್ಯಾನರನ್ನು ಗಾಳಿ ಹರಿದೊಯ್ಯಿತು, ಆ ಜಾಗದಲ್ಲಿ ಬೇರೆ ಮುಖ ಬಂದಿದೆ. ದಾವಲ್‌ಸಾಬ್ ಇನ್ನೂ ಕಾರ್ಡು ಬಂದ್ ಮಾಡಿಲ್ಲ. ನಾಲ್ಕು ತಿಂಗಳಾಯಿತು. ಯಾರೂ ಬಂದು ಬೈದಿಲ್ಲ.