ಶಾಂತಮಲ್ಲಮ್ಮನ ಕೈಯೂ ಕಷಾಯವೂ

ಗುಂಡ್ಲುಪೇಟೆಯ ಶಾಂತಮಲ್ಲಮ್ಮನವರ ಒಲೆಯ ಮೇಲೆ ಮೆಣಸಿನ ಕಷಾಯ ಆರಿದ್ದನ್ನು ಕಂಡವರಿಲ್ಲ. ನೆಗಡಿಗೂ ಅದೇ, ಸಿಟ್ಟಿಗೂ ಅದೇ, ಪರೀಕ್ಷೆಯಲ್ಲಿ ಫೇಲಾದ ಪಕ್ಕದ ಮನೆಯ ಹುಡುಗಿಗೂ ಅದೇ. ಮಗ ಬಸವಪ್ರಸಾದ್ ದುಬೈಯಲ್ಲಿ ಮದುವೆಯಾಗಿ ಕರೆತಂದ ಫಿಲಿಪ್ಪೀನ್ಸಿನ ಸೊಸೆ ರೊವೇನಾ ಮೊದಲ ದಿನ ಅತ್ತೆಯ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ನಾವು ಹಿರಿಯರ ಕಾಲಿಗೆ ಬೀಳುವ ಹಾಗೆ ಅವರಲ್ಲಿ ಅದೇ ನಮಸ್ಕಾರ. "ಅಯ್ಯೋ ಕೂಸು, ಜ್ವರ ಬಂದದಾ?" ಎಂದು ಅತ್ತೆ ಲೋಟದ ತುಂಬ ಕಷಾಯ ಕುಡಿಸಿದರು. ಈ ಮನೆಯ ಆಶೀರ್ವಾದವೇ ಹೀಗಿರಬೇಕೆಂದು ಸೊಸೆ ಕಣ್ಣು ಮುಚ್ಚಿ ಕುಡಿದಳು. ವಾರವಿಡೀ ಇದೇ ನಡೆದು, ಕೊನೆಗೆ ಮಗ ಬಿಡಿಸಿ ಹೇಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಸಂಜೆ ಗೇಟು ಕಿರ್ ಎಂದರೆ ಸಾಕು, ಶಾಂತಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚುತ್ತಾರೆ. ಬೇಕರಿ ಕೆಲಸ ಮುಗಿಸಿ ಬಂದ ಸೊಸೆ ಚಪ್ಪಲಿ ಬಿಡುವ ಮೊದಲೇ ಅತ್ತೆಯ ಕೈಯನ್ನು ಹಣೆಗೆ ಒತ್ತಿಕೊಂಡು, "ಜ್ವರ ಇಲ್ಲ ಕಣತ್ತೆ" ಎನ್ನುತ್ತಾಳೆ. ಮೊನ್ನೆ ಅವಳು ರಜೆಗೆಂದು ತವರಿಗೆ ಹೊರಟ ದಿನವೂ ಸಂಜೆ ಗೇಟು ಕಿರ್ ಎಂದಿತು; ಕೈ ತಾನಾಗಿ ಮುಂದೆ ಹೋಯಿತು. ಬಂದವನು ಮಗ. "ಏನವ್ವಾ?" ಎಂದ. "ಏನಿಲ್ಲ ಕಣ್ಲಾ, ಜ್ವರ ಗಿರ ಅದಾ ಅಂತ" ಎನ್ನುತ್ತ ಶಾಂತಮಲ್ಲಮ್ಮ ಆ ಕೈಯನ್ನು ಅವನ ಹಣೆಯ ಮೇಲಿಟ್ಟರು.