ಐಲಿ ರಾಂಟಾ ಬಳಗದಿಂದ ತೆಗೆದ ಹೆಸರು

ಐಲಿ ರಾಂಟಾ ಸುಳ್ಳನ್ನು ಕಿವಿಯಿಂದಲೇ ಹಿಡಿಯುತ್ತಾಳೆ ಎಂದು ಥಂಡರ್ ಬೇ ಊರಿನ ಶಾಲಾ ಬಸ್ ಚಾಲಕರೆಲ್ಲ ಒಪ್ಪುತ್ತಿದ್ದರು. ನಿವೃತ್ತಳಾಗುವವರೆಗೂ ಅವಳ ಕೆಲಸ ಬಸ್ ಕಂಪನಿಯ ಕಚೇರಿಯಲ್ಲಿ ವೈರ್‌ಲೆಸ್ ಮುಂದೆ ಕೂತು ಯಾವ ಬಸ್ಸು ಎಲ್ಲಿದೆ ಎಂದು ಲೆಕ್ಕವಿಡುವುದು. "ಹಿಮದಲ್ಲಿ ಸಿಕ್ಕಿಕೊಂಡಿದೀನಿ" ಎಂದವನು ನಿಜಕ್ಕೂ ಹಿಮದಲ್ಲಿದ್ದಾನೋ ಕಾಫಿ ಅಂಗಡಿಯಲ್ಲಿದ್ದಾನೋ ಎಂಬುದು, ಅವನು ಮಾತಿಗೆ ಮೊದಲು ಎಳೆದುಕೊಂಡ ಉಸಿರಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತು.

ಊರ ಹೊರಗಿನ ಆಲ್ಡರ್ ತೊರೆಯ ಮೇಲ್ಭಾಗದಲ್ಲಿ ಕಲ್ಲುಗಣಿ ತೆರೆಯಲು ಒಂದು ಕಂಪನಿ ಬಂದಾಗ, ಸುತ್ತಲಿನ ಎಪ್ಪತ್ತು ಮಂದಿ ಸೇರಿ ಇಮೇಲ್ ಬಳಗವೊಂದನ್ನು ಕಟ್ಟಿದರು. ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತದೆ. ಅದು ೨೦೦೪ರ ವಸಂತ. ಬಳಗದ ಬಾಗಿಲು ಕಾಯುವ ಕೆಲಸ ಐಲಿಗೆ ಬಂತು. ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎಂಬ ಕೀಲಿ ಅವಳ ಕೈಯಲ್ಲಿತ್ತು. ಬಳಗದ ನಡವಳಿಕೆಯನ್ನು ಬರೆದವಳೂ ಅವಳೇ. ವಿಷಯವೇನೆಂದು ಮೇಲೆ ಒಂದು ಸಾಲು ಬರೆಯಿರಿ. ಒಬ್ಬರಿಗೆ ಹೇಳಬೇಕಾದ್ದನ್ನು ಒಬ್ಬರಿಗೇ ಕಳಿಸಿ, ನಿಮ್ಮ ಮೂಲವ್ಯಾಧಿ ಎಪ್ಪತ್ತು ಮಂದಿಗೆ ಬೇಕಿಲ್ಲ. ಸಿಟ್ಟು ಬಂದರೆ ಬರೆದಿಟ್ಟು, ಬೆಳಿಗ್ಗೆ ಎದ್ದು ಓದಿ ಆಮೇಲೆ ಕಳಿಸಿ. ಇಮೇಲಿಗೆ ದನಿ ಇರುವುದಿಲ್ಲ. ಯಾರ ಮೇಲಾದರೂ ಅನುಮಾನ ಬಂದರೆ ಮೊದಲು ಅವರಿಗೇ ಫೋನ್ ಮಾಡಿ ಮಾತಾಡಿ.

ಜೂನ್ ಹೊತ್ತಿಗೆ ಬಳಗದಲ್ಲಿ ಎಲ್ಲೋ ತೂತಿದೆ ಎಂಬುದು ಸ್ಪಷ್ಟವಾಯಿತು. ಶನಿವಾರ ಗಣಿ ದಾರಿಯ ಬಾಯಲ್ಲಿ ಫಲಕ ಹಿಡಿದು ನಿಲ್ಲುವುದೆಂದು ಬರೆದುಕೊಂಡರೆ, ಅವತ್ತು ಅಲ್ಲಿ ಗೇಟಿಗೆ ಬೀಗ. ಲಾರಿಗಳೆಲ್ಲ ಹಿಂದಿನ ದಾರಿಯಲ್ಲಿ. ಪುರಸಭೆಯಲ್ಲಿ ಬಾವಿ ನೀರಿನ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಬಳಗದಲ್ಲಿ ತಿದ್ದಿ ತೀಡಿ ಒಯ್ದರೆ, ಕಂಪನಿಯವನು ಅದಕ್ಕೆ ಉತ್ತರವನ್ನು ಅಚ್ಚು ಹಾಕಿಸಿಕೊಂಡೇ ಬಂದಿದ್ದ. ಪ್ರಶ್ನೆಯಲ್ಲಿದ್ದ ಪದಗಳೇ ಉತ್ತರದಲ್ಲೂ ಇದ್ದವು.

ಮರುದಿನ ಲೊರೇನ್ ಹ್ರಿಟ್ಸ್ಕೊ ಐಲಿಯ ಅಡುಗೆಮನೆಯಲ್ಲಿದ್ದಳು. ಇಬ್ಬರದೂ ಮೂವತ್ತು ವರ್ಷದ ಗೆಳೆತನ.

"ನಮ್ಮೊಳಗೇ ಒಬ್ಬ ಇದಾನೆ ಕಣೇ," ಎಂದಳು ಲೊರೇನ್, ಏಲಕ್ಕಿ ಬ್ರೆಡ್ಡಿನ ತುಂಡನ್ನು ಕಾಫಿಯಲ್ಲಿ ಅದ್ದುತ್ತ. "ಆ ಡ್ವೇನ್ ಪೆಟ್ರಿಕ್ ಅನ್ನೋನು ಯಾರು? ಸೇರಿದಾಗ್ಲಿಂದ ಒಂದಕ್ಷರ ಬರ್ದಿಲ್ಲ. ಬರೀ ಓದ್ತಾನೆ. ಸುಮ್ನೆ ಓದೋಕೆ ನಾವೇನು ಧಾರಾವಾಹಿ ನಡೆಸ್ತಿದೀವಾ?"

"ತೊರೆ ಕೆಳಗಡೆ ಇರೋನು. ಸೇತುವೆ ಪಕ್ಕದ ಮನೆ."

"ಮನೆ ಇದ್ರೆ ಸಾಚಾನಾ? ನೀನು ಅವನ ಮುಖ ನೋಡಿದೀಯಾ?"

ಐಲಿ ನೋಡಿರಲಿಲ್ಲ. ಅವತ್ತಿನಿಂದ ಅವಳು ಡ್ವೇನನ ಮೌನವನ್ನೇ ಕೆದಕತೊಡಗಿದಳು. ಅವನು ಸೇರಿದ್ದು ಏಪ್ರಿಲ್ ಕೊನೆಗೆ. ತೊಂದರೆ ಶುರುವಾದದ್ದು ಮೇ ತಿಂಗಳಲ್ಲಿ. ಹೊಸಬರು ಪರಿಚಯದ ನಾಲ್ಕು ಮಾತು ಬರೆಯಬೇಕೆಂಬ ಪದ್ಧತಿಯನ್ನು ಅವನೊಬ್ಬನೇ ಪಾಲಿಸಿರಲಿಲ್ಲ. ಅವನ ನಂಬರು ಫೋನ್ ಪುಸ್ತಕದಲ್ಲಿತ್ತು. ಎರಡು ಸಲ ಫೋನೆತ್ತಿ ಎರಡು ಸಲವೂ ಇಟ್ಟಳು. ಗೂಢಚಾರನಿಗೆ ಫೋನ್ ಮಾಡಿದರೆ ಎಚ್ಚರಿಸಿದ ಹಾಗಲ್ಲವೇ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಭಾನುವಾರ ಅವನ ಹೆಸರನ್ನು ತೆಗೆದುಹಾಕಿ, ಬಳಗಕ್ಕೆಲ್ಲ ಬರೆದಳು: "ನಮ್ಮ ಮಾತು ಹೊರಗೆ ಹೋಗುತ್ತಿರುವ ಕಾರಣ ಡ್ವೇನ್ ಪೆಟ್ರಿಕ್ ಅವರನ್ನು ಬಳಗದಿಂದ ಕೈಬಿಡಲಾಗಿದೆ." ಹನ್ನೊಂದು ಮಂದಿ ಶಹಬ್ಬಾಸ್ ಎಂದರು.

ಸುದ್ದಿಗೆ ಇಮೇಲ್ ಬೇಕಾಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಡ್ವೇನನಿಗೆ ಯಾರೋ "ಕಂಪನಿಯೋರು ಪೆಟ್ರೋಲಿಗೂ ಕೊಡ್ತಾರಾ?" ಎಂದರಂತೆ. ಅವನು ಪೆಟ್ರೋಲ್ ಹಾಕಿಸದೆಯೇ ಹೊರಟುಹೋದನಂತೆ. ಅದನ್ನು ಕೇಳಿದಾಗ ಐಲಿಗೆ, ತಪ್ಪಿಲ್ಲದವನು ಎದುರು ಮಾತಾಡುತ್ತಿದ್ದ ಎನ್ನಿಸಿತು. ಹಾಗೆನ್ನಿಸಿದ್ದು ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ.

ಜುಲೈನಲ್ಲಿ ಅವಳು ಮುಂದಿನ ಸಭೆಯ ವಿಷಯವನ್ನು ಬಳಗಕ್ಕೆ ಕಳಿಸಿದಳು. ಕಳಿಸಿದ ನಿಮಿಷದೊಳಗೆ ಅವಳೊಬ್ಬಳಿಗೇ ಒಂದು ಉತ್ತರ ಬಂತು. ರಜೆಗೆ ಹೋದವರ ಪರವಾಗಿ ಕಂಪ್ಯೂಟರೇ ಬರೆಯುವಂಥದು: "ನಾನು ಹದಿನಾರರವರೆಗೆ ರಜೆಯಲ್ಲಿದ್ದೇನೆ. ಆಲ್ಡರ್ ಗಣಿಯ ಸರ್ವೆ ಕೆಲಸವೇನಾದರೂ ಇದ್ದರೆ ಕಚೇರಿಯನ್ನು ಸಂಪರ್ಕಿಸಿ. ಟ್ರೆವರ್ ಹ್ರಿಟ್ಸ್ಕೊ."

ಐಲಿ ಅದನ್ನು ಮತ್ತೆ ಮತ್ತೆ ಓದಿದಳು. ಸದಸ್ಯರಲ್ಲಿ ಟ್ರೆವರ್ ಎಂಬ ಹೆಸರೇ ಇರಲಿಲ್ಲ. ಸೇರದೇ ಇರುವವನಿಗೆ ಬಳಗದ ಪತ್ರ ಸಿಕ್ಕಬೇಕಾದರೆ ಒಳಗಿನ ಯಾರೋ ದಾಟಿಸುತ್ತಿರಬೇಕು. ಒಳಗಿದ್ದ ಹ್ರಿಟ್ಸ್ಕೊ ಒಬ್ಬಳೇ. ಟ್ರೆವರ್ ಅವಳ ಅಣ್ಣನ ಮಗ.

ಈ ಸಲ ಅವಳು ಫೋನೆತ್ತಲೂ ಇಲ್ಲ. ಕಾರು ಹತ್ತಿ ನೇರ ಲೊರೇನಳ ಮನೆಗೆ ಹೋದಳು. ಲೊರೇನ್ ಹಿಟ್ಟು ನಾದುತ್ತಿದ್ದಳು. ಐಲಿ ಮೇಜಿನ ಕಡೆ ನೋಡಿದಳು. ಬಳಗದ ಪತ್ರಗಳೆಲ್ಲ ದಪ್ಪ ಅಕ್ಷರದಲ್ಲಿ ಮುದ್ರಣಗೊಂಡು ಅಟ್ಟಿಯಾಗಿ ಕೂತಿದ್ದವು.

"ಇದನ್ನೆಲ್ಲ ಎಲ್ಲಿ ಪ್ರಿಂಟ್ ಮಾಡಿಸ್ತೀಯೆ?"

"ನಮ್ ಟ್ರೆವರ್ ತಂದ್ಕೊಡ್ತಾನೆ. ನನ್ ಕಣ್ಣು ನಿಂಗೊತ್ತಲ್ಲ, ಆ ಹೊಳೆಯೋ ಪರದೆ ಓದಕ್ಕಾಗಲ್ಲ. ನಂಗೆ ಬಂದಿದ್ದೆಲ್ಲ ಅವನಿಗೂ ಒಂದು ಹೋಗೋ ಹಾಗೆ ಅದೇನೋ ಮಾಡ್ಕೊಟ್ಟಿದಾನೆ. ಶುಕ್ರವಾರ ಆಫೀಸಿಂದ ತರ್ತಾನೆ."

"ಅವನ ಆಫೀಸು ಯಾರ ಜಮೀನು ಅಳೀತಿದೆ, ಕೇಳಿದೀಯಾ?"

ಲೊರೇನಳ ಕೈ ಹಿಟ್ಟಿನಲ್ಲೇ ನಿಂತಿತು. "ಏನೇ ಹೇಳ್ತಿದೀಯಾ ನೀನು?"

ಐಲಿ ಹೇಳಿದಳು. ಹೇಳುತ್ತಲೇ ಗೆಳತಿಯ ಉಸಿರನ್ನು ಆಲಿಸಿದಳು. ಅದು ಗೊತ್ತಿದ್ದವಳ ಉಸಿರಲ್ಲ. ಕಚೇರಿಗೆಲ್ಲ ಒಂದೇ ಪ್ರಿಂಟರು. ಹಾಳೆಗಳು ತಟ್ಟೆಯಲ್ಲಿ ಬಿದ್ದಿರುತ್ತವೆ. ಹಾದುಹೋಗುವ ಯಾರಾದರೂ ಎತ್ತಿ ಓದಬಹುದು. ಇಲ್ಲವೇ ಟ್ರೆವರನೇ ಕೊಟ್ಟಿರಬಹುದು. ಆಮೇಲೆ ರಜೆಯಿಂದ ಬಂದವನನ್ನು ಲೊರೇನ್ ಕೇಳಿದಾಗ ಅವನು "ನಾನಲ್ಲ, ನಮ್ ಸಾಹೇಬ್ರು ಓದಿದ್ರೇನೋ" ಎಂದನಂತೆ. ಅವನ ದನಿಯನ್ನು ಐಲಿ ಕೇಳಲಿಲ್ಲ. ಲೊರೇನ್ ಕೇಳಗೊಡಲಿಲ್ಲ.

"ನನ್ ಹೆಸರು ಹಾಕ್ಬೇಡ ಕಣೇ," ಎಂದಳು ಲೊರೇನ್, ಹಿಟ್ಟು ನಾದುತ್ತಿದ್ದ ಆ ದಿನವೇ. "ತೂತು ಮುಚ್ಚಾಯ್ತು ಅಂತ ಬರಿ, ಸಾಕು. ಟ್ರೆವರ್ ಕೆಲಸ ಹೋಗ್ಬಿಟ್ರೆ?"

"ಮತ್ತೆ ಡ್ವೇನ್?"

ಲೊರೇನ್ ಕೈಗಂಟಿದ ಹಿಟ್ಟನ್ನು ಕೆರೆಯುತ್ತ ಕೂತಳು.

ಡ್ವೇನ್ ಪೆಟ್ರಿಕ್ ಸೇತುವೆ ಪಕ್ಕದ ಮನೆಯ ಜಗುಲಿಯಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ. ಐವತ್ತು ದಾಟಿದವನು, ಕೈತುಂಬ ಗ್ರೀಸು. ಅವಳನ್ನು ಒಳಗೆ ಕರೆಯಲಿಲ್ಲ.

"ನೀವೇನಾ ಬಾಗಿಲು ಕಾಯೋರು?"

"ಹೌದು. ತಪ್ಪು ಮಾಡ್ಬಿಟ್ಟೆ. ನೀವಲ್ಲ ಅಂತ ಗೊತ್ತಾಯ್ತು."

"ನಂಗೆ ಮೊದಲೇ ಗೊತ್ತಿತ್ತು." ಪಂಪಿನ ವಾಷರನ್ನು ಬೆಳಕಿಗೆ ಹಿಡಿದು ನೋಡಿದ. "ಗಣಿ ಬಂದ್ರೆ ಮೊದಲು ಒಣಗೋದು ನನ್ ಬಾವಿ. ಲೈಬ್ರರೀಲಿ ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕೂರಕ್ ಬಿಡ್ತಾರೆ. ನಿಮ್ಮೋರು ಬರೆಯೋದನ್ನ ಓದೋಷ್ಟ್ರಲ್ಲೇ ಮುಗ್ದೋಗತ್ತೆ. ಬರೆಯೋಕೆ ಟೈಮೆಲ್ಲಿ? ಎಷ್ಟು ಬರೀತೀರ್ರೀ ನೀವೆಲ್ಲ!"

"ವಾಪಸ್ ಸೇರಿಸ್ತೀನಿ."

"ಸೇರಿಸೋದು ಆಮೇಲೆ. ಹೊರಗೆ ಹಾಕಿದ್ದು ಎಪ್ಪತ್ತು ಜನಕ್ಕೆ ಹೇಳಿದ್ರಿ. ನನ್ ಬಾಗಿಲಿಗೆ ಬಂದು ನನ್ನೊಬ್ಬನ ಹತ್ರ ಕ್ಷಮೆ ಕೇಳಿದ್ರೆ ಬಂಕಲ್ಲಿ ಪೆಟ್ರೋಲ್ ಸಿಗಲ್ಲ."

ಐಲಿ ಬಳಗಕ್ಕೆ ಬರೆದಳು: ಡ್ವೇನ್ ಪೆಟ್ರಿಕ್ ಅವರ ತಪ್ಪಿಲ್ಲ, ವಿಚಾರಿಸದೆ ಅವರನ್ನು ತೆಗೆದ ತಪ್ಪು ನನ್ನದು, ಅವರನ್ನು ಮತ್ತೆ ಸೇರಿಸಿದ್ದೇನೆ. ಲೊರೇನಳ ಹೆಸರು ಹಾಕಲಿಲ್ಲ. ಸಂಜೆಯೊಳಗೆ ಬಳಗ ಜೇನುಗೂಡಾಯಿತು. ಅವನಲ್ಲದಿದ್ದರೆ ಇನ್ಯಾರು? ಒಬ್ಬರು ಪಾದ್ರಿಯನ್ನು ಸಂಶಯಿಸಿದರು, ಒಬ್ಬರು ಪಾದ್ರಿಯನ್ನು ಸಂಶಯಿಸಿದವರನ್ನು. ಇಬ್ಬರು ಬಳಗವನ್ನೇ ಬಿಟ್ಟರು. ಐಲಿಯೇ ಕಂಪನಿಯವಳು, ಡ್ವೇನನನ್ನು ಬಲಿ ಕೊಟ್ಟು ಈಗ ನಾಟಕವಾಡುತ್ತಿದ್ದಾಳೆ ಎಂದೂ ಒಬ್ಬರು ಬರೆದರು.

ಮೂರನೆಯ ದಿನ ಲೊರೇನ್ ತಾನೇ ಬರೆದಳು. ಕಣ್ಣು ಕಾಣದ್ದಕ್ಕೆ ಪತ್ರಗಳನ್ನು ಹೊರಗೆ ಮುದ್ರಿಸಿ ತರಿಸುತ್ತಿದ್ದೆ, ಅಲ್ಲಿಂದ ಸೋರಿತು, ಡ್ವೇನನ ಹೆಸರು ಎತ್ತಿದವಳೂ ನಾನೇ. ಟ್ರೆವರನ ಹೆಸರನ್ನು ಮಾತ್ರ ಬರೆಯಲಿಲ್ಲ, ಐಲಿಯೂ ಕೇಳಲಿಲ್ಲ. ಇದಾದ ಮೇಲೆ ಇಬ್ಬರೂ ಕಾಫಿ ಕುಡಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಬಳಗದ ವಿಷಯ ಬಂದರೆ ಲೊರೇನ್ ಎದ್ದು ಲೋಟ ತೊಳೆಯುತ್ತಿದ್ದಳು.

ಆಗಸ್ಟಿನಲ್ಲಿ ಡ್ವೇನ್ ಮೊದಲ ಸಲ ಬರೆದ. ಎರಡೇ ಸಾಲು: "ಬೆಳಿಗ್ಗೆಯಿಂದ ಲಾರಿಗಳು ಸೇತುವೆಯ ಕೆಳಗೆ ಕಲ್ಲುಪುಡಿ ಸುರಿಯುತ್ತಿವೆ. ಇದಕ್ಕೆ ಅನುಮತಿ ಇದೆಯೇ?"

ತಕ್ಷಣ ಒಬ್ಬರ ಉತ್ತರ ಬಂತು: "ಇದನ್ನು ಬೇರೆ ಯಾರಾದರೂ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಐಲಿ ಕಾರು ಹತ್ತಿ ಸೇತುವೆಗೆ ಹೋದಳು. ಡ್ವೇನ್ ಲೈಬ್ರರಿಯಿಂದ ಆಗಲೇ ಮರಳಿ ಕಟ್ಟೆಗೆ ಒರಗಿ ನಿಂತಿದ್ದ. ಕೆಳಗೆ ತೊರೆ ಹಾಲಿನ ಹಾಗೆ ಬೆಳ್ಳಗಾಗಿತ್ತು.

"ನಂಬಿಕೆ ಬರ್ಲಿಲ್ವಾ?" ಎಂದ ಅವನು ಅವಳ ಕಡೆ ತಿರುಗದೆ.

"ಅನುಮಾನ ಬರ್ಲೇ ಇಲ್ಲ ಅಂತ ಸುಳ್ಳು ಹೇಳಲ್ಲ. ಒಬ್ಬರು ಕೇಳಿದ್ರು. ನೋಡಿದೀನಿ ಅಂತ ಬರೆಯೋಕೆ ನಾನು ನೋಡಿರ್ಬೇಕಲ್ಲ."

ಅವನು ಸ್ವಲ್ಪ ಸರಿದು ಜಾಗ ಬಿಟ್ಟ. ಇನ್ನೊಂದು ಲಾರಿ ಬಂದು ಹಿಂದಕ್ಕೆ ತಿರುಗಿ ಸುರಿಯುವವರೆಗೆ ಇಬ್ಬರೂ ನಿಂತು ನೋಡಿದರು. ಮನೆಗೆ ಹೋಗಿ ಐಲಿ ಬಳಗಕ್ಕೆ ಬರೆದಳು: "ನಾನು ಹೋಗಿ ಪೆಟ್ರಿಕ್ ಅವರ ಜೊತೆ ನಿಂತು ನೋಡಿದೆ. ಅವರು ಬರೆದದ್ದು ನಿಜ."